ನಮ್ಮೂರಾಗ ಯಾರೂ ಹುಟ್ಟಿಲ್ಲ, ಪುಣ್ಯ!

ಅಳ್ನಾವರ ತಾಲ್ಲೂಕು ಆದ ಮೇಲೆ ಊರಿಗೆ ತಹಶೀಲ್ದಾರರು ಬಂದರು, ಅವರ ಬೆನ್ನಿಗೆ ಬೋರ್ಡುಗಳೂ ಬಂದವು. ಆದರೂ ಊರ ಹಿರಿಯರಿಗೆ ಒಂದು ಕೊರಗು. ಧಾರವಾಡದಲ್ಲಿ ಓಣಿಗೊಂದು ಸ್ಮಾರಕ, ಸ್ಮಾರಕಕ್ಕೊಂದು ಟ್ರಸ್ಟು, ಟ್ರಸ್ಟಿಗೊಂದು ಜಗಳ ಇದೆ. ನಮ್ಮಲ್ಲಿ ಜಗಳ ಬಿಟ್ಟರೆ ಬೇರೇನೂ ಇಲ್ಲ. ಹಾಗಾಗಿ ಸ್ಟೇಷನ್ ರಸ್ತೆಯ ಚಹಾದಂಗಡಿಯಲ್ಲಿ ಸಮಿತಿ ಆಗಿಯೇ ಹೋಯಿತು. ಒಂದು ಹಳೆಯ ಹಂಚಿನ ಮನೆ ಹಿಡಿದು, ಸರ್ಕಾರದ ಕೈಗೆ ಕೊಡಿಸಿ, ನಾಲ್ಕು ಮಂದಿ ಬಂದು ನೋಡುವ ಹಾಗೆ ಮಾಡಬೇಕು ಎಂದು ನಿರ್ಧಾರವೂ ಆಯಿತು.

ಮನೆಗೆ ಬರವಿಲ್ಲ. ದಾಂಡೇಲಿ ಅಡವಿಯ ಸಾಗವಾನಿ ಕೈಗೆಟುಕುತ್ತಿದ್ದ ಕಾಲದ ಕಂಬ, ತೊಲೆ, ಪಡಸಾಲೆ ಇನ್ನೂ ಗಟ್ಟಿಯಾಗಿವೆ. ಬರ ಬಿದ್ದಿರುವುದು ಮಹಾಪುರುಷರಿಗೆ.

“ಹುಟ್ಟೋರೆಲ್ಲಾ ಧಾರವಾಡದಾಗ ಹುಟ್ಟಿಬಿಟ್ಟಾರ ನೋಡ್ರಿ” ಎಂದು ಮಾಸ್ತರರು ನಿಟ್ಟುಸಿರು ಬಿಟ್ಟರು. ಜಂಕ್ಷನ್ ಊರಿನ ಹಣೆಬರಹವೇ ಅಷ್ಟು. ದೊಡ್ಡವರು ಇಲ್ಲಿ ಗಾಡಿ ಬದಲಿಸುತ್ತಾರೆ, ಹುಟ್ಟುವುದಿಲ್ಲ.

“ಪುಣ್ಯ ಅನ್ರಿ ಮಾಸ್ತರ” ಎಂದೆ. ಚಹಾ ಕುಡಿಯುತ್ತಿದ್ದವರೆಲ್ಲ ನನ್ನನ್ನು ಊರಿನ ವೈರಿಯಂತೆ ನೋಡಿದರು.

ಹುಟ್ಟಿದ ಊರಿನ ಕಥೆ ಕೇಳಿ. ಗಂಗೂಬಾಯಿ ಹಾನಗಲ್ 1913ರ ಮಾರ್ಚ್ 5ರಂದು ಹುಟ್ಟಿದ್ದು ಧಾರವಾಡದ ಶುಕ್ರವಾರಪೇಟೆಯಲ್ಲಿ. ಆ ಮನೆಯನ್ನು ಸರ್ಕಾರ ದುರಸ್ತಿ ಮಾಡಿಸಿತು, ಸ್ಮಾರಕ ಎಂದು ಕರೆಯಿತು, ಭಾಷಣಗಳೂ ಆದವು. ಆಮೇಲೆ ಮಳೆಗಾಲ ಬಂತು. ಮಳೆಗಾಲ ಪ್ರತಿ ವರ್ಷ ಬರುತ್ತದೆ ಎಂಬ ಮಾಹಿತಿ ಕಡತದಲ್ಲಿ ಇರಲಿಲ್ಲವೋ ಏನೋ, ಮನೆ ಸೋರಿತು, ಕುಸಿಯಿತು, ಬಾಗಿಲಿಗೆ ಬೀಗ ಬಿತ್ತು. ಗಾನವಿದುಷಿಯ ಮನೆ ಪತ್ರಿಕೆಗಳಲ್ಲಿ ಪಾಳುಮನೆಯ ಫೋಟೊ ಆಯಿತು. ಅಕ್ಕಪಕ್ಕದಲ್ಲಿ ಯಾವ ಮಹನೀಯರೂ ಹುಟ್ಟದ ಮನೆಗಳಲ್ಲಿ ಜನ ರೊಟ್ಟಿ ಬಡಿಯುತ್ತ, ಮಳೆಗೆ ಮುಂಚೆ ಹಂಚು ಕೈಯಾಡಿಸುತ್ತ ಬದುಕಿಕೊಂಡೇ ಇದ್ದರು.

ಸಂರಕ್ಷಣೆಗೆ ನಮ್ಮಲ್ಲಿ ಒಂದು ಪದ್ಧತಿಯಿದೆ, ಅದನ್ನು ಎಲ್ಲೂ ತಪ್ಪಿಸುವುದಿಲ್ಲ. ಮೊಟ್ಟಮೊದಲು ಮನೆಯಲ್ಲಿರುವವರನ್ನು ಹೊರಗೆ ಕಳಿಸುವುದು. ಅವರ ಜೊತೆ ಒಲೆಯೂ ಹೋಗುತ್ತದೆ. ಹಳೆ ಮನೆಯ ತೊಲೆ-ಜಂತಿಗಳಿಗೆ ದಿನಾ ತಾಗುವ ಒಲೆಯ ಹೊಗೆಯೇ ಔಷಧ, ಮಸಿ ಹಿಡಿದ ಕಟ್ಟಿಗೆಗೆ ಹುಳ ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಸ್ಮಾರಕದ ಅಡುಗೆಮನೆಯಲ್ಲಿ ಒಲೆ ಇರುತ್ತದೆ, ಅದರ ಮೇಲೆ ಗಡಿಗೆ, ಗಡಿಗೆಯ ಮೇಲೆ ನಂಬರು, ‘ಮುಟ್ಟಬೇಡಿ’ ಎಂಬ ಚೀಟಿ. ಗೆದ್ದಲಿಗೆ ಓದಲು ಬರುವುದಿಲ್ಲ.

ಮುಂದಿನದು ಸಿಮೆಂಟು. ಮಣ್ಣಿನ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬಿಸಿಲು ಬಿದ್ದಾಗ ಸುಣ್ಣದ ಗಿಲಾವಿನ ಮೂಲಕ ಅದನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ನೀರು ಒಳಗೇ ಸಿಕ್ಕಿಕೊಂಡು ಮಣ್ಣು ಮೆತ್ತಗಾಗುತ್ತ ಹೋಗುತ್ತದೆ, ಹೊರಗಿನ ಚಿಪ್ಪು ಮಾತ್ರ ಬಿಲ್ಲು ಪಾಸಾಗುವವರೆಗೆ ಗಟ್ಟಿಯಾಗಿ ನಿಂತಿರುತ್ತದೆ. ಇದು ಗೌಂಡಿಗೆ ಗೊತ್ತಿಲ್ಲವೇ? ಗೊತ್ತು. ಆದರೆ ಸುಣ್ಣ ಅರೆಯುವವನಿಗೆ ಟೆಂಡರು ತುಂಬಲು ಬರುವುದಿಲ್ಲ, ಟೆಂಡರು ತುಂಬುವವನಿಗೆ ಸುಣ್ಣ ಅರೆಯಲು ಬರುವುದಿಲ್ಲ. ನೆಲಕ್ಕೆ ಹೊಳೆಯುವ ಟೈಲ್ಸ್, ಅಂಗಳಕ್ಕೆ ಪೇವರ್ಸ್ ಹಾಕಿದರೆ ಪಾರಂಪರಿಕ ಕಟ್ಟಡ ಸಿದ್ಧ. ಕೊನೆಯಲ್ಲಿ ಗ್ರಾನೈಟ್ ಕಲ್ಲು. ಅದರಲ್ಲಿ ಮನೆಯವರ ಹೆಸರಿಗಿಂತ ಘನ ಉಪಸ್ಥಿತಿ ವಹಿಸಿದವರ ಹೆಸರೇ ಉದ್ದ. ಇಡೀ ಕಟ್ಟಡದಲ್ಲಿ ಸೋರದ, ಬಿರುಕು ಬಿಡದ ಭಾಗ ಅದೊಂದೇ ಎಂಬುದನ್ನು ಒಪ್ಪಲೇಬೇಕು.

ನಿರ್ವಹಣೆಯ ಮಾತೆತ್ತಿದರೆ ಎಲ್ಲರೂ ಕಿವುಡರು. ಕಟ್ಟಡಕ್ಕೆ ಅನುದಾನವಿದೆ, ಕಸ ಹೊಡೆಯುವ ಬಾಯಿಗೆ ಪಗಾರವಿಲ್ಲ. ಮಂಗ ಒಡೆದ ಹದಿನೈದು ಹಂಚು ಬದಲಿಸಿದ್ದಕ್ಕೆ ಟೇಪು ಕತ್ತರಿಸುವ ಮಂತ್ರಿ ಇನ್ನೂ ಹುಟ್ಟಿಲ್ಲ. ಹದಿನೈದು ಹಂಚಿನ ಕೆಲಸವನ್ನು ಐದು ವರ್ಷ ಬಿಟ್ಟರೆ ಅದು ಚಾವಣಿಯ ಕೆಲಸವಾಗುತ್ತದೆ. ಚಾವಣಿಗೆ ಅಂದಾಜು ಪತ್ರಿಕೆ ಉಂಟು, ಗುತ್ತಿಗೆ ಉಂಟು, ಮತ್ತೊಮ್ಮೆ ಉದ್ಘಾಟನೆಯೂ ಉಂಟು. ಇಷ್ಟು ಲಾಭವಿರುವಾಗ ಏಣಿ ಹತ್ತುವ ಮೂರ್ಖ ಯಾರು?

ದಕ್ಷಿಣದವರ ರೀತಿ ಇನ್ನೂ ಚಂದ. ಮೈಸೂರಿನ ಯಾದವಗಿರಿಯ ಆರ್.ಕೆ. ನಾರಾಯಣ್ ಮನೆ ನೆನಪಾದದ್ದು 2011ರಲ್ಲಿ, ಅದನ್ನು ಒಡೆಯಲು ಶುರುಮಾಡಿದ ಮೇಲೆ. ಇಂಗ್ಲಿಷಿನಲ್ಲಿ ಬರೆದವರ ಮನೆಗೆ ನಮ್ಮ ದುಡ್ಡೇಕೆ ಎಂದು ಕೆಲವು ಸಾಹಿತಿಗಳು ಗುಡುಗಿದರು. ಕೊನೆಗೆ ಪಾಲಿಕೆ ಕೊಂಡು, ರಿಪೇರಿ ಮಾಡಿಸಿ, 2016ರಲ್ಲಿ ಬಾಗಿಲು ತೆರೆಯಿತು. ಕುಪ್ಪಳಿಯ ಕವಿಮನೆ ಚೆನ್ನಾಗಿದೆ, ಸುಳ್ಳೇಕೆ ಹೇಳಲಿ. ಅಲ್ಲಿ ಪ್ರತಿಷ್ಠಾನವಿದೆ, ದಿನಾ ಜನ ಬರುತ್ತಾರೆ. 2015ರ ನವೆಂಬರಿನಲ್ಲಿ ಕಳ್ಳರೂ ಬಂದು ಕುವೆಂಪು ಅವರ ಪದ್ಮ ಪದಕಗಳನ್ನು ಒಯ್ದರು. ಕದಿಯಲು ಏನಾದರೂ ಉಳಿದಿರುವ ಸ್ಮಾರಕ ಅಂದರೆ ಅದೂ ಒಂದು ಮೆಚ್ಚುಗೆಯೇ.

ನಮ್ಮ ಜಿಲ್ಲೆಯಲ್ಲೇ ಕಲಿಯಬೇಕೆಂದರೆ ಕುಂದಗೋಳಕ್ಕೆ ಹೋಗಬೇಕು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲು ಹತ್ತಿ ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆ ಹೋಗುತ್ತಿದ್ದ ಊರು ಅದು. ಅಲ್ಲಿಯ ನಾಡಿಗೇರ ವಾಡೆಗೆ ಅಬ್ದುಲ್ ಕರೀಂ ಖಾನರು ಬಂದು ಹಾಡಿದ್ದರು, ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಲ್ಲಿ ಅಹೋರಾತ್ರಿ ಸಂಗೀತ ನಡೆಯುತ್ತ ಬಂದಿದೆ. ಹಾಡುವವರು ಬರುತ್ತಾರೆಂದರೆ ಮನೆಯವರು ಕಸ ಹೊಡೆಯಲೇಬೇಕು, ಕೇಳುವವರ ತಲೆಯ ಮೇಲೆ ನೀರು ತೊಟ್ಟಿಕ್ಕದಂತೆ ನೋಡಿಕೊಳ್ಳಲೇಬೇಕು. ಇದಕ್ಕೆ ಯೋಜನಾ ವರದಿ ಬೇಕಾಗಿಲ್ಲ, ಮರ್ಯಾದೆ ಇದ್ದರೆ ಸಾಕು. ಮರ್ಯಾದೆಗೆ ಲೆಕ್ಕಶೀರ್ಷಿಕೆ ಇಲ್ಲವಾದ್ದರಿಂದ ಅದು ಇಲಾಖೆಗಳಿಗೆ ಮಂಜೂರಾಗುವುದಿಲ್ಲ.

ಇಷ್ಟೆಲ್ಲ ಹೇಳಿದರೂ ಸಮಿತಿ ಕೇಳಲಿಲ್ಲ. ಮಹಾಪುರುಷರನ್ನು ಆಮೇಲೆ ಹುಡುಕೋಣ, ಮೊದಲು ಮನೆ ನೋಡೋಣ ಎಂದು ಹೊರಟರು. ನಾನೂ ಹಿಂದೆ ಹೋದೆ. ಮನೆಯಲ್ಲಿ ಅಜ್ಜಿಯೊಬ್ಬಳೇ. ಸಾರಿಸಿದ ನೆಲ, ಎಣ್ಣೆ ತಿಂದು ಕಪ್ಪಗೆ ಮಿನುಗುವ ಕಂಬಗಳು. ಅಧ್ಯಕ್ಷರು ಕಂಬ ತಟ್ಟಿ, “ಯಜ್ಜಿ, ನಿನ್ನ ಮನಿ ಉಳಸಾಕ ಬಂದೇವಿ” ಎಂದರು.

“ಮನಿಗೇನಾಗೇತೋ ಯಪ್ಪಾ?”

“ಏನೂ ಆಗಿಲ್ಲ. ಸ್ಮಾರಕ ಮಾಡೂಣು ಅಂತ. ಸರ್ಕಾರ ತಗೋತೈತಿ, ಮಂದಿ ಬಂದು ನೋಡತಾರ.”

“ಮತ್ತ ನಾ ಎಲ್ಲಿಗೆ ಹೋಗ್ಲಿ?”

ಈ ಪ್ರಶ್ನೆಗೆ ಸಮಿತಿ ಸಿದ್ಧವಾಗಿರಲಿಲ್ಲ. ಅಜ್ಜಿಯೇ ಮುಂದುವರಿಸಿದಳು. “ಹೆಂಗೂ ಇಷ್ಟ ಮಂದಿ ಗಂಡಸರು ಬಂದೀರಿ. ಹಿತ್ತಲ ಕಡೆ ಮಂಗ್ಯಾ ಹಂಚು ಒಡದೈತಿ. ನಿಚ್ಚಣಿಕಿ ಐತಿ, ಹಂಚೂ ತಂದಿಟ್ಟೇನಿ. ಯಾರರೆ ಒಬ್ಬರು ಹತ್ತಿ ಹೊಚ್ಚಿಕೊಡ್ರಲ್ಲ.”

ಅಧ್ಯಕ್ಷರಿಗೆ ಫೋನು ಬಂತು. ಮಾಸ್ತರರಿಗೆ ಮೊಣಕಾಲು ನೋವು ಎದ್ದಿತು. ನಾನು ಬರಹಗಾರ, ನನ್ನನ್ನು ಯಾರೂ ಕೇಳಲೇ ಇಲ್ಲ. ಕಾರ್ಯದರ್ಶಿ ಮಾತ್ರ ಕರ್ತವ್ಯ ಮರೆಯದೆ ಪುಸ್ತಕ ತೆಗೆದು ಅಜ್ಜಿಯ ಬೇಡಿಕೆಯನ್ನು ಬರೆದುಕೊಂಡರು. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಕೊನೆಯದಾಗಿ, ‘ಅಧ್ಯಕ್ಷರ ಅನುಮತಿಯ ಮೇರೆಗೆ ಬರುವ ಇತರೆ ವಿಷಯಗಳು’ ಎಂಬುದರ ಕೆಳಗೆ.