ಕೊರಳಲ್ಲೊಂದು ಹುಲಿ

ನನ್ನ ಕುತ್ತಿಗೆಯ ಎಡಗಡೆ ಎಂಟು ವರ್ಷ ಒಂದು ನರುಲಿ ಇತ್ತು. ಕೆಲವರು ಇದನ್ನು ನರಹುಲಿ ಅನ್ನುತ್ತಾರೆ. ಹೆಸರಿನಲ್ಲಿ ಹುಲಿ, ಗಾತ್ರದಲ್ಲಿ ಮೆಣಸಿನಕಾಳು. ಅದರಿಂದ ನನಗೇನೂ ತೊಂದರೆಯಿರಲಿಲ್ಲ, ತೊಂದರೆಯೆಲ್ಲ ನೋಡುವವರಿಗೆ. ಬಸವೇಶ್ವರನಗರದ ನಮ್ಮ ಸೆಲೂನಿನವನು ಕತ್ತಿ ಹಿಡಿದು ಆ ಜಾಗಕ್ಕೆ ಬಂದಾಗ ಮಾತು ನಿಲ್ಲಿಸಿಬಿಡುತ್ತಿದ್ದ. ರಸ್ತೆ ನಡುವಿನ ಅಶ್ವತ್ಥಕಟ್ಟೆಯನ್ನು ಬಳಸಿ ಹೋಗುವ ಬಿಎಂಟಿಸಿ ಬಸ್ಸಿನಂತೆ ಕತ್ತಿಯನ್ನು ಸುತ್ತು ಹಾಕಿಸಿ, ಆಚೆ ದಾಟಿದ ಮೇಲೆಯೇ ರಾಜಕೀಯ ಮುಂದುವರಿಸುತ್ತಿದ್ದ.

ಮದ್ದು ಹೇಳದವರಿಲ್ಲ. ನಮ್ಮತ್ತೆ ದೇವರಿಗೆ ಉಪ್ಪು ಮೆಣಸು ಹರಕೆ ಹೊತ್ತರು. ಮಹಡಿ ಮನೆಯವರು ಸುಣ್ಣಕ್ಕೆ ಸೋಡ ಕಲಸಿ ಹಚ್ಚಿ ಅಂದರು. ಹಚ್ಚಿದೆ. ಸುತ್ತಲಿನ ಚರ್ಮ ಸುಟ್ಟುಹೋಯಿತು, ಹುಲಿ ಕದಲಲಿಲ್ಲ. ಕೊನೆಗೆ ದೊಡ್ಡಮ್ಮ, "ಕುದುರೆ ಬಾಲದ ಕೂದಲು ಬಿಗಿದು ಕಟ್ಟೋ, ವಾರದಲ್ಲಿ ಉದುರಿಹೋಗುತ್ತೆ" ಅಂದರು. ಜಟಕಾ ಗಾಡಿ ಕಾಲದ ಮಾತು. ಮೆಟ್ರೋ ಓಡುವ ರಾಜಾಜಿನಗರದಲ್ಲಿ ಕುದುರೆ ಎಲ್ಲಿ ಹುಡುಕಲಿ?

ಸಿಕ್ಕಿತು, ವಿಜಯನಗರದ ಛತ್ರವೊಂದರ ಮುಂದೆ. ಮದುಮಗನಿಗಾಗಿ ತಂದ ಬಿಳಿ ಕುದುರೆ. ಹಿಂದಿನಿಂದ ಮೆಲ್ಲಗೆ ಹೋದೆ. "ಒದೀತದೆ ಸಾರ್, ಮುಂದ್ಗಡೆ ಬನ್ನಿ" ಅಂದ ಕುದುರೆಯವನು. ವಿಷಯ ಹೇಳಿದೆ. ಅವನು ನನ್ನ ಕುತ್ತಿಗೆಯನ್ನೂ ಕುದುರೆಯ ಬಾಲವನ್ನೂ ನೋಡಿ, "ಎಳೆಗೆ ಐವತ್ತು" ಅಂದ. ಚೌಕಾಸಿ ಮೂವತ್ತಕ್ಕೆ ಇಳಿದಾಗ ಹೆಣ್ಣಿನ ಕಡೆಯ ಹಿರಿಯರೊಬ್ಬರು ನನ್ನನ್ನು ಬೀಗರ ಪೈಕಿ ಎಂದುಕೊಂಡು ಕೈಹಿಡಿದು ಒಳಗೆ ಕರೆದೊಯ್ದು ಎಲೆ ಮುಂದೆ ಕೂರಿಸಿದರು. ಹೋಳಿಗೆ ಬಿಟ್ಟೇಳಲು ಮನಸ್ಸಾಗಲಿಲ್ಲ. ಹೊರಗೆ ಬಂದರೆ ಲದ್ದಿ ಇತ್ತು, ಕುದುರೆ ಇರಲಿಲ್ಲ.

ಹೀಗಾಗಿ ಚರ್ಮದ ಡಾಕ್ಟರು. ಚರ್ಮದ ಸರ್ಜರಿ ನಮ್ಮ ಸೀಮೆಗೆ ಹೊಸದೇನಲ್ಲ. ಆ ಶಾಸ್ತ್ರದ ದೊಡ್ಡ ಪಠ್ಯವೊಂದನ್ನು ಸಂಪಾದಿಸಿದ ಡಾ. ವೆಂಕಟರಾಮ್ ಮೈಸೂರು ಅವರ ಚರ್ಮಾಲಯ ಇರುವುದು ವಿಜಯನಗರದಲ್ಲೇ. ವಿಜಯನಗರದ ಸಾಮಂತರಾಗಿದ್ದ ಮೈಸೂರಿನವರು ಹೀಗೂ ಮರಳಿ ಬರಬಹುದು! ನಾನು ಹೋದದ್ದು ನವರಂಗ್ ಹತ್ತಿರದ ಒಂದು ಸಣ್ಣ ಕ್ಲಿನಿಕ್ಕಿಗೆ. ಪಕ್ಕದಲ್ಲಿ ಕೂತಿದ್ದ ಹಿರಿಯರು ಅಂಗಾಲಿನ ಆಣಿ ತೆಗೆಸಲು ಮೂರನೇ ಸಲ ಬಂದಿದ್ದರು. "ಬೇರು ಬಿಟ್ಟುಬಿಡ್ತಾರೆ ಸ್ವಾಮಿ" ಎಂದು ಪಿಸುಗುಟ್ಟಿದರು. ಆಣಿಗೆ ಬೇರೇ ಇಲ್ಲ, ಒತ್ತುವ ಚಪ್ಪಲಿ ಬದಲಾಯಿಸದಿದ್ದರೆ ನಾಲ್ಕನೇ ಸಲವೂ ಬರುತ್ತೀರಿ ಅಂದರು ಡಾಕ್ಟರು. ಆಣಿಯನ್ನು ಕದರ ಎಂದು ಕರೆದ ಸುಶ್ರುತ, ಅದನ್ನು ಶಸ್ತ್ರದಿಂದ ಕೆತ್ತಿ ತೆಗೆದು ಬಿಸಿ ಎಣ್ಣೆಯಿಂದ ಸುಡಲು ಹೇಳಿದ್ದಾನೆ. ಆ ಕಾಲದಲ್ಲಿ ಹುಟ್ಟದಿದ್ದುದಕ್ಕೆ ಆ ಹಿರಿಯರು ಋಣಿಯಾಗಿರಬೇಕು.

ನನ್ನ ಹುಲಿಯನ್ನು ಡಾಕ್ಟರು ಭೂತಗನ್ನಡಿಯಲ್ಲಿ ನೋಡಿ, ಹುಲಿಯಲ್ಲ, ಸ್ಕಿನ್ ಟ್ಯಾಗ್ ಅಂದರು. ವೈರಸ್ಸಿನಿಂದ ಬರುವ ವಾರ್ಟ್ ಬೇರೆ. ಅದಕ್ಕೆ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕ ಚಿಮುಕಿಸಿ ಹೆಪ್ಪುಗಟ್ಟಿಸುವುದೂ ಉಂಟು. ನಾವು ಎರಡನ್ನೂ ನರುಲಿ ಅಂತಲೇ ಕರೆಯುತ್ತೇವೆ. "ಹಾಗಾದರೆ ಈ ಮಚ್ಚೆಯನ್ನೂ ಸುಟ್ಟುಬಿಡಿ" ಎಂದು ತೋಳು ಚಾಚಿದೆ. ಗದರಿಸಿದರು. ಬಣ್ಣ, ಅಂಚು, ಗಾತ್ರ ಬದಲಾಗುತ್ತಿರುವ ಮಚ್ಚೆಯನ್ನು ಕತ್ತರಿಸಿ ಲ್ಯಾಬಿಗೆ ಕಳಿಸಬೇಕು. ಸುಟ್ಟರೆ ಪರೀಕ್ಷಿಸಲು ಏನುಳಿಯುತ್ತೆ? ಕುದುರೆ ಕೂದಲಿನ ಕಥೆಗೆ ಮಾತ್ರ ನಕ್ಕು, ರಕ್ತ ಹರಿಯದಂತೆ ಕಟ್ಟುವ ಉಪಾಯವೇನೋ ಸರಿ, ಆದರೆ ಕುದುರೆ ಸ್ನಾನ ಮಾಡಿತ್ತೇ ಎಂದು ಕೇಳಿದರು.

ಮರಗಟ್ಟಿಸುವ ಸೂಜಿ ಇರುವೆ ಕಚ್ಚಿದಂತಾಯಿತು. ಆಮೇಲೆ ಕರೆಂಟಿನ ಸೂಜಿ, ಚಿರ್ ಎಂಬ ಸದ್ದು, ಕೂದಲು ಸುಟ್ಟ ವಾಸನೆ. ಎಂಟು ವರ್ಷದ ಹುಲಿ ಒಂದು ನಿಮಿಷದಲ್ಲಿ ಹತ್ತಿಯ ಮೇಲೆ ಒಣದ್ರಾಕ್ಷಿಯ ಚೂರಾಗಿತ್ತು.

ಮುಂದಿನ ತಿಂಗಳು ಸೆಲೂನಿನಲ್ಲಿ ಕತ್ತಿ ಆ ಜಾಗಕ್ಕೆ ಬಂತು. ಮಾತು ನಿಂತಿತು. ಕತ್ತಿ ಎಂದಿನಂತೆ ಸುತ್ತು ಹಾಕಿತು.

"ಅಲ್ಲೇನೂ ಇಲ್ಲವಲ್ಲಪ್ಪ ಈಗ!"

"ಕೈ ಕೇಳ್ಬೇಕಲ್ಲ ಸಾರ್."

ಮನೆಗೆ ಬಂದು ಕನ್ನಡಿ ನೋಡಿದರೆ, ಹುಲಿಯಿದ್ದ ಜಾಗದಲ್ಲಿ ನಾಲ್ಕು ಕೂದಲು ಹಾಗೇ ಉಳಿದಿದ್ದವು.