ರೆಪ್ಪೆವರ್ಣಮಾರ್ಗಂ: ಸೇಡಂ ಸೀಮೆಯ ಎರಡು ಬಣ್ಣದ ಐಶ್ಯಾಡೋಗಳ ದರಮೀಮಾಂಸೆ

ಸೇಡಂ ತಾಲೂಕಿನ ಮಳಖೇಡವು ಮಾನ್ಯಖೇಟವಾಗಿದ್ದ ಕಾಲದಲ್ಲಿ, ಅಂದರೆ ಕ್ರಿ.ಶ. 850ರ ಆಸುಪಾಸಿನಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯನು ಕವಿರಾಜಮಾರ್ಗವನ್ನು ಬರೆದು ಕಾವ್ಯದ ಗುಣದೋಷಗಳನ್ನು ವಿಂಗಡಿಸಿದ, ಅಲಂಕಾರಗಳನ್ನು ಎಣಿಸಿದ, ಕನ್ನಡನಾಡಿನ ಎಲ್ಲೆಯನ್ನೂ ಕಾವೇರಿ ಗೋದಾವರಿಗಳ ನಡುವೆ ಹಾಕಿಕೊಟ್ಟ. ಇಷ್ಟೆಲ್ಲ ಮಾಡಿದವನು ಕಣ್ಣಿನ ರೆಪ್ಪೆಯ ಅಲಂಕಾರವೊಂದನ್ನು ಹಾಗೇ ಬಿಟ್ಟುಹೋದ. ಹನ್ನೊಂದು ಶತಮಾನ ಕಾದರೂ ಬೇರೆ ಯಾರೂ ಆ ಕೆಲಸಕ್ಕೆ ಕೈ ಹಾಕಲಿಲ್ಲ. ಆದ್ದರಿಂದ ಪ್ರಸ್ತುತ ಪ್ರಬಂಧಕಾರರು, ಅರ್ಹತೆ ಇಲ್ಲದಿದ್ದರೂ ಬಿಡುವಿರುವ ಕಾರಣಕ್ಕೆ, ಮುಂದಾಗಿದ್ದಾರೆ. ಶಾಸ್ತ್ರದ ಎಲ್ಲೆ ಚಿಕ್ಕದು: ಕಾಗಿಣಾ ಹೊಳೆಯಿಂದ ಮುಲ್ಲಾಮಾರಿ ಹೊಳೆಯವರೆಗೆ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ.

ವಿಷಯ: ಒಂದು ಕಡೆಯಿಂದ ನೋಡಿದರೆ ಕೆಂಪಗೆ, ಇನ್ನೊಂದು ಕಡೆಯಿಂದ ನೋಡಿದರೆ ಹಸಿರಾಗಿ ಕಾಣುವ ಐಶ್ಯಾಡೋ. ಸಂಶಯ: ಜಾತ್ರೆಯ ಅಂಗಡಿಯಲ್ಲಿ ನೂರು ರೂಪಾಯಿಗೂ, ಫ್ಯಾನ್ಸಿ ಸ್ಟೋರಿನಲ್ಲಿ ಐನೂರಕ್ಕೂ, ಪರದೇಶದ ಹೆಸರು ಹೊತ್ತು ಪಾರ್ಸಲ್ಲಿನಲ್ಲಿ ಎರಡು ಸಾವಿರಕ್ಕೂ ಸಿಗುವ ಈ ಡಬ್ಬಿಗಳಲ್ಲಿ ಇರುವುದು ಒಂದೇ ಪದಾರ್ಥವೋ, ಬೇರೆಯೋ?

ಈ ಪ್ರಶ್ನೆಗೆ ಮೊದಲ ಪೂರ್ವಪಕ್ಷ ಹೂಡಿದವರು ಹೈದರಾಬಾದಿನಲ್ಲಿ ಕಂಪ್ಯೂಟರ್ ಕೆಲಸಕ್ಕಿರುವ ನಾದಿನಿಯರು. ಮದುವೆಗೆಂದು ಊರಿಗೆ ಬಂದವರು ಡಬ್ಬಿ ತೆರೆದು ಹೇಳುತ್ತಾರೆ: “ವೈನಿ, ಇದು ಓರಿಜಿನಲ್ ಅದ. ನಿಮ್ಮದು ಡುಪ್ಲಿಕೇಟ್.” ವೈನಿಯವರ ಖಂಡನೆ ಅಷ್ಟೇ ಚುಟುಕು: “ಓರಿಜಿನಲ್ ಅಂದ್ರ ನವಿಲಿಂದವ್ವಾ. ಉಳದದ್ದೆಲ್ಲಾ ಡುಪ್ಲಿಕೇಟೇ.” ಮೂರನೆಯ ಮತ ಅಂಗಡಿಯಾಕೆಯದು. ಆಕೆ ಬೆರಳಿಗೆ ಚೂರು ಹಚ್ಚಿ ಬಾಗಿಲ ಬೆಳಕಿಗೆ ತಿರುಗಿಸಿ, “ನೋಡ್ರಿ ಅಕ್ಕಾರ, ಹಿಂಗ ಹಿಡದ್ರ ಹಸರ, ಹಂಗ ಹಿಡದ್ರ ಕೆಂಪ. ಎರಡೂ ಕಲರ್ ಹೊಡೀತದ. ದೊಡ್ಡ ಕಂಪನಿದೂ ಇದೂ ಸೇಮ್ ಟು ಸೇಮ್ ಅದರಿ” ಎನ್ನುತ್ತಾಳೆ. ಈ ಮತಕ್ಕೆ ಅಭೇದವಾದವೆಂದು ಹೆಸರು. ಹೈದರಾಬಾದಿನ ಬೇಗಂಬಜಾರಿನ ಸಗಟು ಅಂಗಡಿಗಳಲ್ಲೂ ಇದಕ್ಕೆ ಬಹಳ ಮಂದಿ ಅನುಯಾಯಿಗಳಿದ್ದಾರೆ.

ವೈನಿಯವರ ಮತವನ್ನು ಮೊದಲು ಪರಿಶೀಲಿಸೋಣ. ಕಾರಣ, ಅದೇ ಗಟ್ಟಿ. ನವಿಲುಗರಿಯಲ್ಲಿ ಹಸಿರು ಬಣ್ಣವಿಲ್ಲ, ನೀಲಿಯೂ ಇಲ್ಲ. ಗರಿಯೊಳಗಿನ ಅತಿ ಸೂಕ್ಷ್ಮ ಜೋಡಣೆ ಬೆಳಕನ್ನು ಆರಿಸಿ ಮರಳಿಸುತ್ತದೆ, ಅಷ್ಟೆ. ಇಂಗ್ಲೆಂಡಿನ ರಾಬರ್ಟ್ ಹುಕ್ 1665ರಲ್ಲೇ ನವಿಲುಗರಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ್ದ. 1930ರ ದಶಕದಲ್ಲಿ ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಕುಳಿತು ಚಿಪ್ಪು, ಗರಿಗಳ ಹೊಳೆಯುವ ಬಣ್ಣಗಳ ಬೆನ್ನು ಹತ್ತಿದ್ದರು. ಚಿಂಚೋಳಿಯ ಕಾಡು 2011ರಲ್ಲಿ ವನ್ಯಧಾಮವಾಯಿತು. ಅಲ್ಲಿ ನವಿಲುಗರಿಯೆಂಬ ಈ ಮಾಲು ಬಿಟ್ಟಿ. ಆದರೆ 1972ರ ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯಲ್ಲಿರುವ ಹಕ್ಕಿಯಾದ್ದರಿಂದ, ಬಿಟ್ಟಿ ಮಾಲಿಗೆಂದು ಹಕ್ಕಿಗೆ ಕೈ ಹಾಕಿದವರು ಕೋರ್ಟಿನ ಖರ್ಚನ್ನೂ ಜೈಲಿನ ಊಟವನ್ನೂ ಬೆಲೆಗೆ ಸೇರಿಸಿಕೊಳ್ಳಬೇಕು. ಹೀಗೆ ಲೆಕ್ಕ ಹಾಕಿದರೆ ಪಾರ್ಸಲ್ಲಿನ ಡಬ್ಬಿಯೇ ಅಗ್ಗ.

ಡಬ್ಬಿಯೊಳಗಿನ ಕಥೆಯೂ ನವಿಲಿನ ಜಾಡಿನದೇ. ಅಭ್ರಕದ ಅತಿ ತೆಳು ಚಕ್ಕೆ. ಅದರ ಮೇಲೆ ಟೈಟಾನಿಯಂ ಡೈಆಕ್ಸೈಡಿನ ಲೇಪ. ಲೇಪ ಸುಮಾರು 50 ನ್ಯಾನೋಮೀಟರ್ ಇದ್ದರೆ ಬೆಳ್ಳಿಯ ಹೊಳಪು, 70 ಆದರೆ ಚಿನ್ನ, ಇನ್ನಷ್ಟು ದಪ್ಪವಾದಂತೆ ಕೆಂಪು, ನೀಲಿ, 150ರ ಹತ್ತಿರ ಹಸಿರು. ಲೇಪದ ಮೇಲ್ಮೈಯಿಂದಲೂ ತಳದಿಂದಲೂ ಪುಟಿದ ಬೆಳಕಿನ ಅಲೆಗಳು ಕೂಡಿದಲ್ಲಿ ಬಣ್ಣ ಎದ್ದು ಬರುತ್ತದೆ, ಒಂದನ್ನೊಂದು ಹೊಡೆದುಹಾಕಿದಲ್ಲಿ ಮಾಯವಾಗುತ್ತದೆ. ನೂರರ ಡಬ್ಬಿಯಲ್ಲೂ ಎರಡು ಸಾವಿರದ ಡಬ್ಬಿಯಲ್ಲೂ ಇದೇ ನಡೆಯುವುದರಿಂದ ಅಂಗಡಿಯಾಕೆಯ ಅಭೇದವಾದಕ್ಕೆ ಇಲ್ಲಿ ಒಂದು ಸುತ್ತಿನ ಗೆಲುವು. (ಅಭ್ರಕದ ದೊಡ್ಡ ಪಾಲು ಹಿಂದಿನಿಂದಲೂ ಜಾರ್ಖಂಡಿನ ಕೊಡರ್ಮಾ, ಗಿರಿಡೀಹ್ ಕಡೆಯದು. ಅಲ್ಲಿ ಅದನ್ನು ಆರಿಸುವವರಲ್ಲಿ ಮಕ್ಕಳೂ ಇದ್ದಾರೆಂಬುದು ತಮಾಷೆಗೆ ಒಗ್ಗದ ಸಂಗತಿ. ಕೃತಕ ಅಭ್ರಕ ಬಳಸುವವರಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ಪ್ರಬಂಧಕಾರರ ಆಕ್ಷೇಪವಿಲ್ಲ.)

ಎರಡನೆಯ ಸುತ್ತಿನಲ್ಲಿ ಅಭೇದವಾದ ಮುಗ್ಗರಿಸುತ್ತದೆ. ಟೈಟಾನಿಯಂ ಲೇಪದೊಳಗೆ ಹೊಕ್ಕ ಬೆಳಕು ಬಹಳ ಬಾಗಿ ಹೆಚ್ಚುಕಡಿಮೆ ನೆಟ್ಟಗೇ ಇಳಿಯುತ್ತದೆ. ಆದ್ದರಿಂದ ತಲೆ ಎಷ್ಟು ಓರೆ ಮಾಡಿದರೂ ಬಣ್ಣದ ಬದಲಾವಣೆ ಅಲ್ಪ. ಅಗ್ಗದ ಡಬ್ಬಿಯವರು ಕೆಂಪು ಪುಡಿಗೆ ಹಸಿರು ಹೊಳಪಿನ ಚಕ್ಕೆ ಬೆರೆಸಿ ಎರಡು ಬಣ್ಣವೆನ್ನುತ್ತಾರೆ, ಅದು ಸುಳ್ಳಲ್ಲ. ಮ್ಯಾಕ್ ಕಂಪನಿಯ ‘ಕ್ಲಬ್’ ಎಂಬ ಹೆಸರಾಂತ ಕಂದು-ಹಸಿರು ಕೂಡ ಇದೇ ಮನೆತನದ್ದು. ಆದರೆ ಮೂರು ನಾಲ್ಕು ಬಣ್ಣ ದಾಟಿಹೋಗುವ ಚಕ್ಕೆಗೆ ಬೆಳಕು ಹೆಚ್ಚು ಬಾಗದ ಸಿಲಿಕಾದಂಥ ನಡುಪದರ ಬೇಕು, ಅದರ ಮೇಲೆ ಕೆಳಗೆ ಬೇರೆ ಪದರಗಳು ಬೇಕು. ಪ್ರತಿ ಪದರದ ದಪ್ಪವೂ ಅಳತೆ ತಪ್ಪದೆ ಇರಬೇಕು. ಅಲ್ಲಿ ಕೊಟ್ಟ ದುಡ್ಡಿಗೆ ನಿಜವಾಗಿ ಮಾಲು ಸಿಗುತ್ತದೆ. ಎರಡು ಬಣ್ಣಕ್ಕೆ ಎರಡು ಸಾವಿರ ಕೊಡುವುದು ದಂಡ. ನಾಲ್ಕು ಬಣ್ಣಕ್ಕೆ ಕೊಟ್ಟರೆ ಬರೀ ದುಂದುಗಾರಿಕೆ.

ಬಣ್ಣ ಬದಲಿಸುವ ಈ ವಿದ್ಯೆಯನ್ನು ಡಬ್ಬಿ ಕೊಳ್ಳದೆಯೂ ನೋಡಬಹುದು. ಐನೂರರ ನೋಟನ್ನು ಓರೆ ಮಾಡಿರಿ: ಭದ್ರತಾ ಎಳೆ ಹಸಿರಿನಿಂದ ನೀಲಿಗೆ ತಿರುಗುತ್ತದೆ. ನೂರರ ಹೊಸ ನೋಟಿನಲ್ಲೂ ಹಾಗೆಯೇ. ಅಂದರೆ ಗಿರಾಕಿಯು ಬಣ್ಣ ಬದಲಿಸುವ ಕಾಗದ ಕೊಟ್ಟು ಬಣ್ಣ ಬದಲಿಸುವ ಪುಡಿ ತರುತ್ತಾಳೆ. ಈ ವಿನಿಮಯದಲ್ಲಿ ಒಳ್ಳೆಯ ಮಾಲು ಅಂಗಡಿಯ ಗಲ್ಲಾಕ್ಕೆ ಹೋಗುತ್ತದೆ.

ಇನ್ನು ಪ್ರಯೋಗಕಾಂಡ. ಈ ಸೀಮೆಯಲ್ಲಿ ಪ್ರಯೋಗಶಾಲೆ ಕಟ್ಟುವ ಅಗತ್ಯವಿಲ್ಲ, ಎಲ್ಲರ ಮನೆಯ ನೆಲಕ್ಕೂ ಅದನ್ನೇ ಹಾಸಿದ್ದಾರೆ. ಶಹಾಬಾದಿನ ಫರಸಿಯೊಂದನ್ನು ತಂದು ಅರ್ಧ ಒಣಗಿರಲು ಬಿಟ್ಟು, ಉಳಿದರ್ಧವನ್ನು ಒದ್ದೆ ಮಾಡಿ, ಎರಡೂ ಕಡೆ ಮೂರೂ ಡಬ್ಬಿಯ ಪುಡಿಯನ್ನು ಬೆರಳಿಂದ ಎಳೆಯಲಾಯಿತು. ಒಣಗಿದ ಬೂದು ಭಾಗದಲ್ಲಿ ನೂರರ ಪುಡಿ ಹಿಟ್ಟು ಚೆಲ್ಲಿದ ಹಾಗೆ ಸಪ್ಪಗೆ ಬಿದ್ದಿತ್ತು, ಎರಡು ಸಾವಿರದ್ದು ಮಾತ್ರ ಮಿಂಚುತ್ತಿತ್ತು. ಒದ್ದೆಯಾಗಿ ಕಪ್ಪೇರಿದ ಭಾಗದಲ್ಲಿ ಮೂರೂ ಹಸಿರು ಹೊಡೆದವು. ಯಾವುದು ಯಾವ ಡಬ್ಬಿಯದೆಂದು ಹೇಳಲು ನಾದಿನಿಯರಿಗೂ ಬರಲಿಲ್ಲ. ಸಿಟ್ಟಿಗೆದ್ದು, “ಕಲ್ಲಿಗ್ಯಾರ ಮೇಕಪ್ ಮಾಡ್ತಾರೇನ್ರಿ?” ಎಂದರು. ಈ ಆಕ್ಷೇಪಕ್ಕೆ ಶಾಸ್ತ್ರದಲ್ಲಿ ಉತ್ತರವಿಲ್ಲ.

ಫಲಿತಾಂಶಕ್ಕೆ ಮಾತ್ರ ಕಾರಣವಿದೆ. ಚಕ್ಕೆಯಿಂದ ಹಸಿರು ಮೇಲಕ್ಕೆ ಪುಟಿದರೆ, ಅದಕ್ಕೆ ಎದುರಾದ ಕೆಂಪು ಛಾಯೆ ಕೆಳಕ್ಕೆ ದಾಟುತ್ತದೆ. ಕೆಳಗೆ ತಿಳಿಬಣ್ಣವಿದ್ದರೆ ದಾಟಿದ್ದು ಮರಳಿ ಬಂದು ಹಸಿರಿನ ಜೊತೆ ಕಲಸಿ ಎಲ್ಲ ಮಬ್ಬು. ಕಪ್ಪಿದ್ದರೆ ದಾಟಿದ್ದನ್ನು ಅದೇ ನುಂಗುತ್ತದೆ, ಹಸಿರೊಂದೇ ಉಳಿಯುತ್ತದೆ. ದುಬಾರಿ ಡಬ್ಬಿಗಳಲ್ಲಿ ಈ ಕಡುಬಣ್ಣವನ್ನು ಹೆಚ್ಚಾಗಿ ಮೊದಲೇ ಬೆರೆಸಿರುತ್ತಾರೆ. ಆದ್ದರಿಂದ ಸಿದ್ಧಾಂತ: ರೆಪ್ಪೆಗೆ ಮೊದಲು ಕಾಡಿಗೆ ತೆಳ್ಳಗೆ ಸವರಿ, ಅದರ ಮೇಲೆ ನೂರರ ಐಶ್ಯಾಡೋ ಒತ್ತಿದರೆ, ನೋಡುವವರ ಪಾಲಿಗೆ ಅದು ಎರಡು ಸಾವಿರದ್ದೇ. ಭಾರತ ಸರ್ಕಾರವೂ ಈ ಸಿದ್ಧಾಂತದ ಪಕ್ಷದಲ್ಲಿದೆ: ಐಶ್ಯಾಡೋಗೆ ಜಿಎಸ್‌ಟಿ ಶೇ. 18, ಸಾದಾ ಕಾಡಿಗೆಗೆ ಸೊನ್ನೆ. ಅದೇ ಕಾಡಿಗೆ ಪೆನ್ಸಿಲ್ಲಿನ ರೂಪ ತಾಳಿದರೆ ತೆರಿಗೆ ಬೀಳುತ್ತದೆ, ಎಚ್ಚರ.

ಅಗ್ಗದ ಪಕ್ಷಕ್ಕೆ ಎರಡು ದೋಷಗಳನ್ನು ಹೇಳದೆ ಬಿಟ್ಟರೆ ಪಕ್ಷಪಾತವಾದೀತು. ಒಂದು, ನಮ್ಮ ಕಡೆ ಮದುವೆಗಳು ಏಪ್ರಿಲ್ ಮೇ ತಿಂಗಳ ಬಿಸಿಲಲ್ಲೇ ನಡೆಯುತ್ತವೆ. ಆ ಬೆವರಿಗೆ ನೂರರ ಪುಡಿ ಅಕ್ಕಿಕಾಳು ಬೀಳುವ ಮೊದಲೇ ರೆಪ್ಪೆಯ ಮಡಿಕೆಗೆ ಇಳಿದು ಗೆರೆಗಟ್ಟುತ್ತದೆ. ದುಬಾರಿಯದರ ಬೆಲೆಯಲ್ಲಿ ಒಂದು ಪಾಲು ಪುಡಿಯನ್ನು ಹಿಡಿದಿಡುವ ಅಂಟಿನದು, ಇನ್ನೊಂದು ಹೆಸರಿನದು. ಎರಡು, ಜಾತ್ರೆಯಲ್ಲಿ ಐಶ್ಯಾಡೋ ಎಂದು ಕೊಡುವ ಕೆಲವು ಪೊಟ್ಟಣಗಳಲ್ಲಿ ಇರುವುದು ಕಾಗದಕ್ಕೆ ಅಂಟಿಸುವ ಪ್ಲಾಸ್ಟಿಕ್ ಚಮಕಿ. ಡಬ್ಬಿಯ ಮೇಲೆ ತಯಾರಕರ ಹೆಸರು, ಲೈಸೆನ್ಸ್ ನಂಬರು, ಬ್ಯಾಚು, ಅವಧಿ ಇಲ್ಲದಿದ್ದರೆ ಅದನ್ನು ಗಣೇಶನ ಮಂಟಪಕ್ಕೆ ಬಳಸಬಹುದು, ಕಣ್ಣಿಗಲ್ಲ.

ಊರಿಂದೂರಿಗೆ ಫಲ ಬದಲಾಗುವುದನ್ನೂ ಗಮನಿಸಬೇಕು. ಬಣ್ಣ ತಿರುಗಲು ಬೆಳಕು ಒಂದೇ ದಿಕ್ಕಿನಿಂದ ಬರಬೇಕು. ಸೇಡಮ್ಮಿನ ಸಂಜೆ ಬಿಸಿಲಿಗೆ ಎಲ್ಲ ಡಬ್ಬಿಯೂ ಚೆನ್ನ; ಸಿಮೆಂಟಿನ ಧೂಳು ಕೂತ ದಿನ ಎಲ್ಲ ಡಬ್ಬಿಯೂ ಒಂದೇ ಬಣ್ಣ, ಬೂದು. 1874ರಿಂದ ಸಿಕಂದರಾಬಾದಿನ ಹಳಿ ಬಂದು ಕೂಡುವ ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಾಲ್ಕೂ ಕಡೆಯಿಂದ ದೀಪ ಬೀಳುವುದರಿಂದ ಎಷ್ಟು ಖರ್ಚು ಮಾಡಿದವರೂ ಒಂದೇ ತರಹ ಕಾಣುತ್ತಾರೆ. ಊರುಗಳ ಮಾತು ಬಂದಿದ್ದರಿಂದ ಇದೊಂದು: ಚಿತ್ತಾಪುರದ ಬಳಿ ನಾಗಾವಿಯ ಘಟಿಕಾಸ್ಥಾನದಲ್ಲಿ, 1058ರ ಶಾಸನದ ಪ್ರಕಾರ, ಆರು ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಪಾಲಕರು, ಇದ್ದರು. ಆ ವಿದ್ಯಾಲಯ ಇಂದಿಗೂ ನಡೆದಿದ್ದರೆ ಈ ಪ್ರಬಂಧವನ್ನು ಅಲ್ಲಿಗೆ ಪದವಿಗೆಂದು ಒಪ್ಪಿಸಬಹುದಿತ್ತು. ಆರೂ ಮಂದಿ ಅದನ್ನು ಯಾವ ಕಪಾಟಿನಲ್ಲಿಡುವುದೆಂದು ಇನ್ನೂ ಜಗಳವಾಡುತ್ತಿದ್ದರು.

ಕೊನೆಗೆ ಗಣಿತ. ನೃಪತುಂಗನ ಕಾಲದವರೇ ಆದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಬೇರೆ ಬೇರೆ ವರ್ಣದ, ಅಂದರೆ ಶುದ್ಧತೆಯ, ಚಿನ್ನ ಬೆರೆಸುವ ಲೆಕ್ಕಗಳನ್ನು ಕೊಟ್ಟಿದ್ದಾರೆ. ಅವರಿಗೆ ಅಪರಂಜಿಯೆಂದರೆ 16 ವರ್ಣ. ಅದೇ ದಾರಿಯಲ್ಲಿ: ಒಬ್ಬಾಕೆ 6 ವರ್ಣದ ನೂರರ ಪುಡಿ 3 ಗುಂಜಿಗೆ, 14 ವರ್ಣದ ಎರಡು ಸಾವಿರದ ಪುಡಿ 1 ಗುಂಜಿ ಬೆರೆಸಿದಳು. ಹದಿನೆಂಟಕ್ಕೆ ಹದಿನಾಲ್ಕು ಕೂಡಿಸಿ ನಾಲ್ಕರಿಂದ ಭಾಗಿಸಿದರೆ ಮಿಶ್ರಣ 8 ವರ್ಣ. ಎರಡನೆಯ ಲೆಕ್ಕ: ಅದೇ ಹೆಂಗಸು ಮದುವೆಯುದ್ದಕ್ಕೂ ಯಾರು ಏನು ಉಟ್ಟಿದ್ದಾರೆಂದು ನೋಡುತ್ತ ಕಣ್ಣು ಅಗಲ ಬಿಟ್ಟೇ ನಿಂತಿದ್ದರಿಂದ, ರೆಪ್ಪೆ ಒಳಗೆ ಸರಿದು ಹೊರಗೆ ಕಂಡ ವರ್ಣ ಸೊನ್ನೆ. ಹಾಗಾದರೆ ಪಾರ್ಸಲ್ಲಿನ ಡಬ್ಬಿಯೊಂದನ್ನೇ ಹಿಡಿದರೂ ಕಂಡ ಒಂದೊಂದು ವರ್ಣಕ್ಕೆ ಬಿದ್ದ ಖರ್ಚೆಷ್ಟು? 2000 ಭಾಗ 0. ಸೊನ್ನೆಯಿಂದ ಭಾಗಿಸಿದರೂ ಸಂಖ್ಯೆ ಹಾಗೇ ಉಳಿಯುತ್ತದೆಂದು ಮಹಾವೀರಾಚಾರ್ಯರ ಮತ; ಆದ್ದರಿಂದ ಉತ್ತರ ಎರಡು ಸಾವಿರ, ದುಡ್ಡೆಲ್ಲೂ ಹೋಗಿಲ್ಲ. ಈಗಿನ ಗಣಿತದವರು ಇದನ್ನು ಒಪ್ಪುವುದಿಲ್ಲ. ಪಾರ್ಸಲ್ಲಿಗೆ ದುಡ್ಡು ಕೊಟ್ಟ ಯಜಮಾನರೂ ಒಪ್ಪಿಲ್ಲ.