ಆಟ ಮುಚ್ಚುವ ಮುಂಚೆ

ಬೆಂಗಳೂರಿನಲ್ಲಿ ಕೂತು ಜಗತ್ತಿನ ಆಟಗಳನ್ನು ಕಟ್ಟುತ್ತಿರುವ ಗೆಳೆಯರೇ,

ಬೆಳಿಗ್ಗೆ ಎಂಟೂವರೆಗೆ ಹಲಸೂರು ನಿಲ್ದಾಣದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ನಿಮ್ಮಲ್ಲಿ ಒಬ್ಬಿಬ್ಬರು ಕಣ್ಣಿಗೆ ಬಿದ್ದೇ ಬೀಳುತ್ತೀರಿ. ಬ್ಯಾಗಿನ ಜಿಪ್ಪಿಗೆ ಯಾವುದೋ ಆಟದ ಪುಟ್ಟ ಗೊಂಬೆ ನೇತಾಡುತ್ತಿರುತ್ತದೆ, ಕೊರಳಿನ ಐಡಿ ಕಾರ್ಡು ಅಂಗಿಯ ಜೇಬಿನೊಳಗೆ ಸೇರಿರುತ್ತದೆ. ಇಂದಿರಾನಗರ, ಬೈಯಪ್ಪನಹಳ್ಳಿ ದಾಟಿ ಕೆ.ಆರ್. ಪುರದಲ್ಲೋ ಅದರಾಚೆಯೋ ಇಳಿದು ಹೋಗುತ್ತೀರಿ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಆದರೆ ಆಟ ಮುಗಿದ ಮೇಲೆ ತೆರೆಯ ಮೇಲೆ ಸಾಗುವ ನೂರಾರು ಹೆಸರುಗಳನ್ನು ಎದ್ದು ಹೋಗದೆ ಕೊನೆಯವರೆಗೆ ನೋಡುವವನು ನಾನು. ಅಲ್ಲೊಂದು ನಮ್ಮ ಕಡೆಯ ಹೆಸರು ಕಂಡರೆ ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕೂಗಿ ಕರೆದು ತೋರಿಸುತ್ತೇನೆ. ಆ ಸಲುಗೆಯಿಂದ ಈ ಪತ್ರ.

ಈ ಊರಿಗೆ ನಿಮ್ಮ ಕಸುಬು ಹೊಸದಲ್ಲ. 1997ರಲ್ಲಿ ರಾಜೇಶ್ ರಾವ್ ಇಲ್ಲಿ ಧ್ರುವ ಇಂಟರ್‌ಆಕ್ಟಿವ್ ಶುರು ಮಾಡಿದಾಗ ವಿಡಿಯೋ ಗೇಮ್ ಕಟ್ಟುವುದೂ ಒಂದು ಉದ್ಯೋಗ ಎಂದರೆ ನಂಬುವವರು ಕಡಿಮೆ. 2019ರಲ್ಲಿ ಅದೇ ಕಂಪನಿಯನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ ಒಂದು ನೀತಿಯನ್ನು ದೇಶದಲ್ಲಿ ಮೊದಲು ತಂದದ್ದು ಕರ್ನಾಟಕ, 2012ರಲ್ಲಿ. ಈಗ ಚಾಲ್ತಿಯಲ್ಲಿರುವುದು 2024ರಿಂದ 2029ರವರೆಗಿನ ನೀತಿ. ಕೆ.ಆರ್. ಪುರದ ಮಗ್ಗುಲಿನ ಮಹದೇವಪುರದಲ್ಲಿ ಸರ್ಕಾರವೇ ಇದಕ್ಕಾಗಿ ಒಂದು ಉತ್ಕೃಷ್ಟತಾ ಕೇಂದ್ರ ಕಟ್ಟಿದೆ. ನಮ್ಮ ತೆರಿಗೆ ದುಡ್ಡಿನ ಒಂದು ಪಾಲು ನಿಮ್ಮ ಕಸುಬಿಗೆ ನೀರೆರೆಯುತ್ತಿದೆ ಎಂದಮೇಲೆ ಆಡುವವನ ಮಾತನ್ನೂ ನೀವು ಕೇಳಿಸಿಕೊಳ್ಳಬೇಕು.

ನಾನು ಆನ್‌ಲೈನ್ ಆಟಕ್ಕೆ ಬಿದ್ದದ್ದು ಸಿಎಂಎಚ್ ರಸ್ತೆಯ ಒಂದು ಬ್ರೌಸಿಂಗ್ ಸೆಂಟರಿನಲ್ಲಿ, ಕಾಲೇಜಿನ ಮೊದಲ ವರ್ಷ. ಗಂಟೆಗೆ ಇಪ್ಪತ್ತು ರೂಪಾಯಿ. ಪ್ಲೈವುಡ್ ಗೂಡುಗಳು, ಮೇಲೆ ಕಿರಗುಟ್ಟುವ ಫ್ಯಾನು. ಆಟದ ಹೆಸರು ಇಲ್ಲಿ ಬೇಡ. ಅದೊಂದು ರೋಲ್-ಪ್ಲೇಯಿಂಗ್ ಆಟ. ನಾವೇ ಒಂದು ಪಾತ್ರ ಕಟ್ಟಿಕೊಂಡು, ಅದಕ್ಕೊಂದು ಹೆಸರಿಟ್ಟು, ವರ್ಷಗಟ್ಟಲೆ ಬೆಳೆಸಬೇಕು. ನಾನು ವೈದ್ಯನಾಗಿದ್ದೆ. ಕತ್ತಿ ಹಿಡಿದವರ ಹಿಂದೆ ನಿಂತು, ಯಾರ ರಕ್ತ ಇಳಿಯಿತೋ ಅವರಿಗೆ ಮದ್ದು ಕೊಡುವುದಷ್ಟೇ ನನ್ನ ಕೆಲಸ. ನಮ್ಮ ಗಿಲ್ಡಿನಲ್ಲಿ, ಅಂದರೆ ಒಟ್ಟಿಗೆ ಆಡುವ ತಂಡದಲ್ಲಿ, ಫ್ರೇಜರ್ ಟೌನಿನ ಒಬ್ಬ, ಹುಬ್ಬಳ್ಳಿಯ ಇಬ್ಬರು ಅಣ್ಣತಮ್ಮಂದಿರು, ಕುಂದಾಪುರದವಳೊಬ್ಬಳು. ಇಂಗ್ಲಿಷ್ ಅಕ್ಷರದಲ್ಲೇ ‘ಊಟ ಆಯ್ತಾ’ ಅಂತ ಕೇಳಿಕೊಳ್ಳುತ್ತಿದ್ದೆವು. ಕುಂದಾಪುರದವಳು ಮಾತ್ರ ‘ಉಂಡ್ರ್ಯಾ’ ಅನ್ನುತ್ತಿದ್ದಳು. ಅವಳ ಊರಿನ ಕನ್ನಡ ನಾನು ಕಲಿತದ್ದು ಅಲ್ಲಿ, ರಾಕ್ಷಸರನ್ನು ಹೊಡೆಯುವ ನಡುವೆ.

ಅದನ್ನು ಮುಚ್ಚುತ್ತೇವೆ ಎಂದು ಒಂದು ದಿನ ಪ್ರಕಟಣೆ ಬಂತು. ಕೊನೆಯ ರಾತ್ರಿ ನಾವೆಲ್ಲ ಆಟದೊಳಗಿನ ಪಟ್ಟಣದ ಬಾವಿಕಟ್ಟೆಯ ಸುತ್ತ ಸೇರಿದೆವು. ಯಾರೂ ಹೊಡೆದಾಡಲಿಲ್ಲ. ಕೂಡಿಟ್ಟಿದ್ದ ಬಂಗಾರ, ಕತ್ತಿ, ಕಿರೀಟಗಳನ್ನು ನೆಲದ ಮೇಲೆ ಸುರಿದರು. ಆರಿಸಿಕೊಳ್ಳುವವರಿರಲಿಲ್ಲ. ಹುಬ್ಬಳ್ಳಿಯ ಹಿರಿಯವನು ‘ಮಂದಿ ಎಲ್ಲಾ ಹೊಂಟ್ರಲೇ’ ಅಂತ ಬರೆದ. ಹನ್ನೆರಡು ಹೊಡೆಯುವುದಕ್ಕೆ ಇನ್ನೆರಡು ನಿಮಿಷ ಇರುವಾಗ ಕುಂದಾಪುರದವಳು ತನ್ನ ಪಾತ್ರವನ್ನು ನನ್ನ ಪಾತ್ರದ ಪಕ್ಕ ತಂದು ಕೂರಿಸಿದಳು. ಆಮೇಲೆ ತೆರೆಯ ನಡುವೆ ಒಂದು ಬೂದು ಬಣ್ಣದ ಚೌಕ: ಸಂಪರ್ಕ ಕಡಿದಿದೆ. ‘ಓಕೆ’ ಒತ್ತಿದೆ. ಮೂರು ವರ್ಷ ಅಲ್ಲಿಗೆ ಮುಗಿಯಿತು. ಫೋನ್ ನಂಬರು ಕೇಳಿಕೊಂಡಿರಲಿಲ್ಲ, ಕೇಳುವ ವಯಸ್ಸೂ ಧೈರ್ಯವೂ ಇರಲಿಲ್ಲ. ಮೆಟ್ರೋ ಕಾಮಗಾರಿಗೆ ಸಿಎಂಎಚ್ ರಸ್ತೆ ಅಗೆದಾಗ ಆ ಬ್ರೌಸಿಂಗ್ ಸೆಂಟರೂ ಹೋಯಿತು. ಅದಕ್ಕೆ ನನ್ನ ತಕರಾರಿಲ್ಲ. ಅಂಗಡಿ ಹೋದ ಜಾಗದಲ್ಲಿ ನಿಲ್ದಾಣ ಬಂತು, ದಿನಾ ಅದರ ಕೆಳಗೇ ಓಡಾಡುತ್ತೇನೆ. ಆಟ ಹೋದ ಜಾಗದಲ್ಲಿ ಏನೂ ಬರಲಿಲ್ಲ.

ಅದಾದ ಮೇಲೆ ನಾನು ಕನ್ಸೋಲಿಗೆ ಬಂದೆ. ಕನ್ಸೋಲಿನಲ್ಲಿ ಆಡುವಾಗ ಒಂದು ನೆಮ್ಮದಿ ಇದೆ. ಸಿಡಿ ನನ್ನ ಕೈಯಲ್ಲಿ, ಪೆಟ್ಟಿಗೆ ನನ್ನ ಮನೆಯಲ್ಲಿ, ಯಾರೂ ಬಂದು ಬೀಗ ಹಾಕುವಂತಿಲ್ಲ. ಪ್ಲೇಸ್ಟೇಷನ್ 2 ಬಂದದ್ದು 2000ದಲ್ಲಿ, ತಯಾರಿಕೆ ನಿಂತದ್ದು 2013ರಲ್ಲಿ, ಅಷ್ಟರೊಳಗೆ ಮಾರಾಟವಾದದ್ದು 15 ಕೋಟಿಗೂ ಹೆಚ್ಚು. ಅದರಲ್ಲೊಂದು ಇವತ್ತಿಗೂ ನಮ್ಮ ಟಿವಿ ಸ್ಟ್ಯಾಂಡಿನ ಕೆಳಗಿನ ಅರೆಯಲ್ಲಿ ಜೀವಂತ ಇದೆ. ಲೆನ್ಸು ಎರಡು ಸಲ ಬದಲಾಯಿಸಿದ್ದೇನೆ.

ಆದರೂ ನೀವು ಕೇಳಿದರೆ ನಿಜ ಹೇಳುತ್ತೇನೆ. ಒಬ್ಬನೇ ಕೂತು ಆಡಿದ ಯಾವ ದೊಡ್ಡ ಆಟವೂ ಆ ಬಾವಿಕಟ್ಟೆಯ ಸಮಕ್ಕೆ ಬರಲಿಲ್ಲ. ಚಿತ್ರ ಸೊಗಸಾಯಿತು, ಕಥೆ ಗಟ್ಟಿಯಾಯಿತು, ಮಾತಾಡುವ ಮನುಷ್ಯರು ಕಡಿಮೆಯಾದರು. ಆನ್‌ಲೈನ್ ರೋಲ್-ಪ್ಲೇಯಿಂಗ್ ಆಟ ಎಂದರೆ ನನಗೆ ಒಂದು ಊರು. ಆ ಊರು ಉಳಿಯಬೇಕು ಎಂಬ ಆಸೆಯಿಂದಲೇ ಇಷ್ಟು ಬರೆಯುತ್ತಿದ್ದೇನೆ.

ಆಡುವವರು ಕೊಂಡದ್ದನ್ನು ಹೇಗೆ ಉಳಿಸಿಕೊಳ್ಳುತ್ತಾರೆ ಎಂದು ನೋಡಲು ಶಿವಾಜಿನಗರಕ್ಕೆ ಒಮ್ಮೆ ಬನ್ನಿ. ರಸೆಲ್ ಮಾರುಕಟ್ಟೆಯಿಂದ ಒಳಗೆ ಹೊಕ್ಕರೆ ಒಂದು ಗಲ್ಲಿಯಲ್ಲಿ ಮೂರಡಿ ಅಗಲದ ಅಂಗಡಿ. ಮೊಬೈಲು, ಕನ್ಸೋಲು ಎರಡೂ ರಿಪೇರಿ. ಪಾತ್ರವನ್ನು ನಡೆಸುವ ಕಡ್ಡಿ (ಸ್ಟಿಕ್) ಮುಟ್ಟದೆಯೇ ಅದು ತಾನಾಗಿ ಎಡಕ್ಕೆ ನಡೆಯುತ್ತದೆ ಅಂತ ಕಂಟ್ರೋಲರ್ ತೆಗೆದುಕೊಂಡು ಹೋದರೆ ಅಂಗಡಿಯ ಭಾಯ್ ಕಾರಣ ಬಿಡಿಸಿ ಹೇಳುತ್ತಾರೆ. ಕಡ್ಡಿಯ ಬುಡದಲ್ಲಿ ಇಂಗಾಲದ ಒಂದು ತೆಳು ಪಟ್ಟಿ, ಅದರ ಮೇಲೆ ಲೋಹದ ನಾಲಗೆ ಸವರುತ್ತಾ ಇರುತ್ತದೆ. ಆಡಿ ಆಡಿ ಪಟ್ಟಿ ಸವೆದಾಗ ಕಡ್ಡಿ ಎಲ್ಲಿದೆ ಎಂಬ ಲೆಕ್ಕ ತಪ್ಪುತ್ತದೆ. ಅವರು ಹದಿನಾಲ್ಕು ಕಡೆಯ ಬೆಸುಗೆಯನ್ನು ಒಂದೊಂದಾಗಿ ಕಾಯಿಸಿ, ಕರಗಿದ ಲೋಹವನ್ನು ಪಂಪಿನಿಂದ ಎಳೆದು, ಹಳೆಯ ಕಡ್ಡಿಯನ್ನು ಕೀಳುತ್ತಾರೆ. ಅದರ ಜಾಗದಲ್ಲಿ ಅಯಸ್ಕಾಂತದಿಂದ ನಡೆಯುವ ಕಡ್ಡಿ ಕೂರಿಸುತ್ತಾರೆ. ಇದರೊಳಗೆ ಅಳೆಯುವ ಭಾಗಗಳು ಒಂದಕ್ಕೊಂದು ಉಜ್ಜುವುದಿಲ್ಲ, ಹಾಗಾಗಿ ಅವು ಸವೆಯುವುದೂ ಇಲ್ಲ. ಅರ್ಧ ಗಂಟೆಯ ಕೆಲಸ. ಇಂಥ ಕಡ್ಡಿಯನ್ನು ಮೊದಲೇ ಹಾಕಿ ಕಳಿಸಬಾರದಿತ್ತೇ ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ.

ಅದೇ ಅಂಗಡಿಯ ಗಾಜಿನ ಕೆಳಗೆ ಸೆಕೆಂಡ್ ಹ್ಯಾಂಡ್ ಸಿಡಿಗಳು. ಹೊಸ ಆಟಕ್ಕೆ ಈಗ ಸುಮಾರು 5,000 ರೂಪಾಯಿ. ಟ್ಯಾನರಿ ರಸ್ತೆಯ ಹುಡುಗನಿಗೆ ಅದು ಆಗದ ಮಾತು. ಅವನು ಸಿಡಿಯನ್ನು ಟ್ಯೂಬ್‌ಲೈಟಿಗೆ ಓರೆ ಹಿಡಿದು, ಗೀರು ಎಲ್ಲೆಲ್ಲಿದೆ ಎಂದು ಬೆರಳಿನ ಉಗುರಿನಿಂದ ಅಳೆದು, 1,200ಕ್ಕೆ ಒಪ್ಪಿಸಿ ಒಯ್ಯುತ್ತಾನೆ. ಮುಗಿಸಿದ ಮೇಲೆ ತಂದು ಕೊಟ್ಟು ಇನ್ನೊಂದು ಒಯ್ಯುತ್ತಾನೆ. ಒಂದೇ ಸಿಡಿಯನ್ನು ಆರು ಮನೆಯವರು ಆಡುತ್ತಾರೆ. ಚರ್ಚ್ ಸ್ಟ್ರೀಟಿನಲ್ಲಿ ಹಳೆಯ ಪುಸ್ತಕ ಕೈಯಿಂದ ಕೈಗೆ ಹೋಗುವುದೂ ಹೀಗೇ. ಓದಿದ ಪುಸ್ತಕವನ್ನು ಮಾರಬೇಡ ಅಂತ ಯಾವ ಪ್ರಕಾಶಕರೂ ನನಗೆ ಹೇಳಿಲ್ಲ.

ಆ ಸಿಡಿ ಹಾಕುವ ಬಾಯಿಯನ್ನೇ ಈಗ ಮುಚ್ಚಲಾಗುತ್ತಿದೆ. 2020ರಲ್ಲಿ ಪ್ಲೇಸ್ಟೇಷನ್ 5 ಬಂದಾಗಲೇ ಸಿಡಿ ಹಾಕುವ ಜಾಗವಿಲ್ಲದ ಒಂದು ಮಾದರಿ ಬಂತು. 2024ರ ನವೆಂಬರಿನಲ್ಲಿ ಬಂದ ಪ್ರೊ ಮಾದರಿಯಲ್ಲಂತೂ ಡಿಸ್ಕ್ ಡ್ರೈವ್ ಪೆಟ್ಟಿಗೆಯೊಳಗಿಲ್ಲ, ಬೇರೆ ದುಡ್ಡು ಕೊಟ್ಟು ಕೊಳ್ಳಬೇಕು. ನೇರ ಡೌನ್‌ಲೋಡ್ ಮಾಡಿದ ಆಟವನ್ನು ಮಾರುವಂತಿಲ್ಲ, ತಮ್ಮನಿಗೆ ಎರವಲು ಕೊಡುವಂತಿಲ್ಲ. ಒಪ್ಪಂದದ ಸಣ್ಣ ಅಕ್ಷರ ಓದಿದರೆ ನಾವು ಕೊಂಡದ್ದು ಆಟವನ್ನಲ್ಲ, ಆಡುವ ಪರವಾನಗಿಯನ್ನು. ‘ಕೊಳ್ಳಿ’ ಎಂದು ಬರೆದ ಗುಂಡಿಯನ್ನು ಒತ್ತಿಸಿಕೊಂಡು ಪರವಾನಗಿ ಕೊಡುವುದು ಮೋಸ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಇದನ್ನು ಗಿರಾಕಿಗೆ ಸ್ಪಷ್ಟವಾಗಿ ಹೇಳಲೇಬೇಕು ಎಂಬ ಕಾನೂನಿದೆ. ನಮ್ಮಲ್ಲಿ 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಮಾಡಿತು. ದುಡ್ಡು ಕಟ್ಟುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಮತ್ತು ಸಾಮಾಜಿಕ ಆಟಗಳನ್ನು ಬೇರೆ ಮಾಡಿ ಗುರುತಿಸಿತು. ಜೂಜು ಬೇರೆ, ಆಟ ಬೇರೆ ಎಂದು ನಾವು ಮನೆಮನೆಯಲ್ಲಿ ಬಾಯಿ ನೋಯಿಸಿಕೊಂಡದ್ದಕ್ಕೆ ಒಂದು ಬೆಲೆ ಬಂತು. ಆದರೆ ದುಡ್ಡು ಕೊಟ್ಟು ಕೊಂಡ ಆಟ ಮಾಯವಾದರೆ ಏನು ಗತಿ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಮಾಯವಾಗುವುದು ಉತ್ಪ್ರೇಕ್ಷೆಯ ಮಾತಲ್ಲ. 2014ರಲ್ಲಿ ಬಂದ ‘ದಿ ಕ್ರ್ಯೂ’ ಎಂಬ ಕಾರು ಓಟದ ಆಟವನ್ನು ಯೂಬಿಸಾಫ್ಟ್ 2024ರ ಮಾರ್ಚ್ 31ರಂದು ನಿಲ್ಲಿಸಿತು. ಒಬ್ಬನೇ ಆಡುವ ಭಾಗಕ್ಕೂ ಸರ್ವರ್ ಬೇಕಿದ್ದರಿಂದ ಸಿಡಿ ಇದ್ದವರ ಕೈಯಲ್ಲೂ ಬರೀ ಬಿಲ್ಲೆ ಉಳಿಯಿತು. ಅದರಿಂದ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಗೆ ಯುರೋಪಿನಲ್ಲಿ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದಿದೆ. 2023ರಲ್ಲಿ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ಲೆಕ್ಕ ಹಾಕಿ ನೋಡಿದಾಗ, 2010ಕ್ಕೆ ಮುಂಚೆ ಅಮೆರಿಕದಲ್ಲಿ ಬಂದ ಆಟಗಳಲ್ಲಿ ಶೇಕಡ 87ರಷ್ಟು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ.

ಕನ್ನಡದವರಿಗೆ ಇದರ ನೋವು ಗೊತ್ತಿರಬೇಕು. 1934ರಲ್ಲಿ ತೆರೆಕಂಡ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ವನ್ನು ಇವತ್ತು ಯಾರೂ ನೋಡುವಂತಿಲ್ಲ. ಸುಬ್ಬಯ್ಯ ನಾಯ್ಡು ಇಂದ್ರಜಿತುವಾಗಿ ಹೇಗೆ ನಿಂತರು, ನಾಗೇಂದ್ರರಾಯರ ರಾವಣ ಹೇಗೆ ಮಾತಾಡಿದ, ಎಲ್ಲ ಕೇಳಿದ್ದು, ಓದಿದ್ದು ಮಾತ್ರ. ಒಂದು ಪ್ರಿಂಟೂ ಉಳಿದಿಲ್ಲ. ಆ ಕಾಲದವರಿಗೆ ರೀಲು ಕಾಪಾಡುವ ದಾರಿ ಗೊತ್ತಿರಲಿಲ್ಲ ಎನ್ನಬಹುದು. ನಿಮಗೆ ಗೊತ್ತಿದೆ.

ಸರ್ವರ್ ನಡೆಸಲು ಖರ್ಚಿದೆ ಎಂಬುದು ನನಗೆ ಗೊತ್ತು. ಇನ್ನೂರು ಜನ ಆಡುವ ಆಟಕ್ಕೆ ಎಂದೆಂದಿಗೂ ದುಡ್ಡು ಸುರಿಯಿರಿ ಎಂದು ಯಾರೂ ಕೇಳುತ್ತಿಲ್ಲ. ಬಿಟ್ಟು ಹೋಗುವಾಗ ಬೀಗದ ಕೈ ನಮಗೆ ಕೊಟ್ಟು ಹೋಗಿ ಎಂದಷ್ಟೇ ಕೇಳುತ್ತಿದ್ದೇವೆ. ಇದು ಆಗದ ಕೆಲಸವೇನಲ್ಲ. ‘ನಾಕೌಟ್ ಸಿಟಿ’ ಕಟ್ಟಿದವರು 2023ರ ಜೂನಿನಲ್ಲಿ ಸರ್ವರ್ ನಿಲ್ಲಿಸುವಾಗ, ಆಡುವವರೇ ತಮ್ಮ ಸರ್ವರಿನಲ್ಲಿ ನಡೆಸಿಕೊಳ್ಳುವಂಥ ಆವೃತ್ತಿಯನ್ನು ಉಚಿತವಾಗಿ ಕೊಟ್ಟರು. ‘ಸಿಟಿ ಆಫ್ ಹೀರೋಸ್’ ಎಂಬ ಆನ್‌ಲೈನ್ ರೋಲ್-ಪ್ಲೇಯಿಂಗ್ ಆಟ 2012ರ ನವೆಂಬರಿನಲ್ಲಿ ಮುಚ್ಚಿತು. ಅಭಿಮಾನಿಗಳು ಅದನ್ನು ಮತ್ತೆ ಎಬ್ಬಿಸಿ ನಡೆಸಿದರು, 2024ರ ಜನವರಿಯಲ್ಲಿ ಎನ್‌ಸಿಸಾಫ್ಟ್ ಅವರಿಗೆ ಅಧಿಕೃತ ಪರವಾನಗಿ ಕೊಟ್ಟಿತು. 1997ರಲ್ಲಿ, ನಿಮ್ಮ ಧ್ರುವ ಶುರುವಾದ ವರ್ಷವೇ ತೆರೆದ ‘ಅಲ್ಟಿಮಾ ಆನ್‌ಲೈನ್’ ಕಾಲು ಶತಮಾನ ಕಳೆದ ಮೇಲೂ ನಡೆಯುತ್ತಿದೆ.

ಆಡುವವರ ಮಾತನ್ನು ಕಂಪನಿಗಳು ಕೇಳುವುದೂ ಉಂಟು. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಬರುವಾಗ 24 ಗಂಟೆಗೊಮ್ಮೆ ಇಂಟರ್ನೆಟ್ಟಿಗೆ ಹಾಜರಿ ಹಾಕಬೇಕು, ಹಳೆಯ ಸಿಡಿ ಮಾರಲು ಕಟ್ಟುಪಾಡು ಎಂದರು. ಜನ ತಿರುಗಿಬಿದ್ದರು, ಯಂತ್ರ ಅಂಗಡಿಗೆ ಬರುವ ಮುಂಚೆ ಮೈಕ್ರೋಸಾಫ್ಟ್ ಎರಡನ್ನೂ ಕೈಬಿಟ್ಟಿತು. 2021ರಲ್ಲಿ ಪ್ಲೇಸ್ಟೇಷನ್ 3ರ ಆನ್‌ಲೈನ್ ಅಂಗಡಿ ಮುಚ್ಚುತ್ತೇವೆ ಎಂದ ಸೋನಿ ತಿಂಗಳೊಳಗೆ ಮಾತು ಹಿಂದೆ ತೆಗೆದುಕೊಂಡಿತು.

ಹಾಗಾಗಿ ನಿಮ್ಮನ್ನು ಕೇಳಿಕೊಳ್ಳುತ್ತಿದ್ದೇನೆ. ಆಟ ನಿಲ್ಲಿಸುವ ತೀರ್ಮಾನ ನಿಮ್ಮ ಕೈಯಲ್ಲಿಲ್ಲ. ಅದು ಸಮುದ್ರದಾಚೆಯ ಬೋರ್ಡ್ ರೂಮಿನಲ್ಲಿ ಆಗುತ್ತದೆ. ಆದರೆ ಹೊಸ ಆಟದ ಅಡಿಪಾಯ ಹಾಕುವ ಮೀಟಿಂಗಿನಲ್ಲಿ ನೀವಿರುತ್ತೀರಿ. ಸರ್ವರ್ ಸಂಪರ್ಕ ಕಡಿದರೂ ಆಟ ತೆರೆದುಕೊಳ್ಳುವ ಹಾಗೆ ಬರೆಯುವುದು ಮೊದಲ ದಿನ ಸುಲಭ, ಹತ್ತನೆಯ ವರ್ಷ ಕಷ್ಟ. ನನಗಿಂತ ಅದು ನಿಮಗೇ ಚೆನ್ನಾಗಿ ಗೊತ್ತು. ಮುಂದಿನ ಮೀಟಿಂಗಿನಲ್ಲಿ ‘ಇದನ್ನು ಮುಚ್ಚಿದ ದಿನ ಆಡುವವರ ಕೈಯಲ್ಲಿ ಏನು ಉಳಿಯುತ್ತದೆ?’ ಎಂದು ಒಬ್ಬರಾದರೂ ಕೇಳಿ. ಉತ್ತರ ಸಿಗದಿದ್ದರೆ ಅದನ್ನು ಮೀಟಿಂಗಿನ ಟಿಪ್ಪಣಿಯಲ್ಲಿ ಬರೆಸಿ.

ಇಂತಿ,
ಹಲಸೂರಿನ ಒಬ್ಬ ಆಟಗಾರ